ಗುಟ್ಟಿನ ಪೆಟ್ಟಿಗೆಗೂ ಲೆಕ್ಕ ಬೇಕು

ಲೆಕ್ಕ ಕೇಳುವವನನ್ನು ಕಂಡರೆ ಧಣಿಗೆ ಆಗುವುದಿಲ್ಲ. ಜೀತದಾಳಿನ ಸಾಲ ಎಷ್ಟು, ತೀರಿದ್ದೆಷ್ಟು ಎಂಬ ಪುಸ್ತಕ ಯಾವತ್ತೂ ಧಣಿಯ ಪೆಟ್ಟಿಗೆಯಲ್ಲೇ ಇತ್ತು. ಈ ಪೆಟ್ಟಿಗೆ ಹಳ್ಳಿಯಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಸೇನೆಯ ಬೇಹುಗಾರಿಕೆ ಕಚೇರಿಗಳಲ್ಲೂ ಇದೆ. ಅದರ ಬೀಗದ ಮೇಲೆ ದೇಶರಕ್ಷಣೆ ಎಂದು ಬರೆದಿದೆ, ಅಷ್ಟೆ.

ಅಮೆರಿಕದ್ದೇ ನೋಡಿ. ಬೇಹುಗಾರಿಕೆಯ ಉಪಗ್ರಹಗಳಿಗಾಗಿ 1961ರಲ್ಲಿ ನ್ಯಾಷನಲ್ ರೆಕನೈಸನ್ಸ್ ಆಫೀಸ್ ಹುಟ್ಟಿತು. ರಕ್ಷಣಾ ಇಲಾಖೆಯ ಕೂಸು, ಸಿಐಎ ಪಾಲುದಾರ. ಅಂಥ ಕಚೇರಿಯೊಂದು ಇದೆಯೆಂದು ಸರ್ಕಾರ ಒಪ್ಪಿಕೊಂಡದ್ದೇ 1992ರಲ್ಲಿ. ವರ್ಜೀನಿಯಾದಲ್ಲಿ ಅದು ಕಟ್ಟಿಸುತ್ತಿದ್ದ ಮುಖ್ಯ ಕಚೇರಿಗೆ 30 ಕೋಟಿ ಡಾಲರಿಗೂ ಹೆಚ್ಚು ಖರ್ಚು. ಅದರ ಪೂರ್ತಿ ಲೆಕ್ಕ ತಮಗೆ ಸರಿಯಾಗಿ ಹೇಳಿಲ್ಲವೆಂದು 1994ರಲ್ಲಿ ಸೆನೆಟ್ಟಿನ ಸಮಿತಿಯೇ ಗುಲ್ಲೆಬ್ಬಿಸಿತು. ಮರುವರ್ಷ ಇನ್ನೊಂದು ಬಯಲಾಯಿತು: ಯೋಜನೆಗಳಿಗೆಂದು ಬಂದು ಖರ್ಚಾಗದೆ ಉಳಿದ ಹಣ ಕೂಡುತ್ತಾ ಕೂಡುತ್ತಾ ನೂರು ಕೋಟಿ ಡಾಲರ್ ದಾಟಿತ್ತು. 1996ರಲ್ಲಿ ಸಂಸ್ಥೆಯ ಮುಖ್ಯಸ್ಥನನ್ನೂ ಅವನ ಉಪಮುಖ್ಯಸ್ಥನನ್ನೂ ಇಳಿಸಿದರು.

ಯಾರೋ ಕಿಸೆಗೆ ಹಾಕ್ಕೊಂಡರು ಅಂತ ನಾವು ಹೇಳುತ್ತಿಲ್ಲ. ರೋಗ ಅದಕ್ಕಿಂತ ಆಳದ್ದು. ಖರ್ಚಿಗೆ ಅಪ್ಪಣೆ ಕೊಡುವವನು ಒಬ್ಬ, ಹಣ ಕೊಡುವವನು ಇನ್ನೊಬ್ಬ, ತಾಳೆ ನೋಡುವವನು ಮತ್ತೊಬ್ಬ ಆಗಿರಬೇಕು. ಸಹಕಾರಿ ಸಂಘದ ಗುಮಾಸ್ತನಿಗೂ ಗೊತ್ತಿರುವ ಈ ನೇಮ ಗುಟ್ಟಿನ ಗೋಡೆಯೊಳಗೆ ಸಡಿಲವಾಗುತ್ತದೆ. ಪ್ರಶ್ನೆ ಕೇಳುವವನೇ ಇಲ್ಲದ ಕಡೆ ಪ್ರಾಮಾಣಿಕನೂ ಸೋಮಾರಿಯಾಗುತ್ತಾನೆ. ಆ ದೇಶದ ರಕ್ಷಣಾ ಇಲಾಖೆಯೇ 2018ರಲ್ಲಿ ಮೊದಲ ಸಲ ಪೂರ್ತಿ ಲೆಕ್ಕಪರಿಶೋಧನೆಗೆ ಒಳಗಾಗಿ, 2024ರವರೆಗೆ ಏಳು ಸಲವೂ ಫೇಲಾಯಿತು!

ಲೆಕ್ಕ ಕೇಳಿದರೆ ಗುಟ್ಟು ಶತ್ರುವಿಗೆ ಸಿಗುತ್ತದಂತೆ. ಯಾರು ಹೇಳಿದ್ದು? ಬೇಹಿನವನ ಹೆಸರು ನಮಗೆ ಬೇಡ. ಎಷ್ಟು ಬಂತು, ಎಷ್ಟು ಹೋಯಿತು, ಯಾರು ಸಹಿ ಹಾಕಿದರು, ಕೆಲಸ ಆಯಿತೋ ಇಲ್ಲವೋ, ಇಷ್ಟನ್ನು ಬಾಗಿಲು ಮುಚ್ಚಿಕೊಂಡಾದರೂ ಜನಪ್ರತಿನಿಧಿಗಳು ನೋಡಲಿ. ಅಮೆರಿಕದ ಸಮಿತಿ ನೋಡಿತು, ಉಪಗ್ರಹವೇನೂ ಉದುರಿ ಬೀಳಲಿಲ್ಲ.

ಈಗ ನಮ್ಮ ಮನೆ ಕಡೆ ತಿರುಗೋಣ. 1968ರಲ್ಲಿ ಹುಟ್ಟಿದ 'ರಾ'ಗೆ ಸಂಸತ್ತು ಮಾಡಿದ ಕಾಯಿದೆಯೇ ಇಲ್ಲ. ಸಂಸತ್ತಿಗೆ ಉತ್ತರದಾಯಿ ಮಾಡಿ ಎಂಬ ಅರ್ಜಿಯನ್ನು 2016ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಮಾಹಿತಿ ಹಕ್ಕು ಕಾಯಿದೆಯ 24ನೇ ಕಲಂ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ, ಇಂಥ ಸಂಸ್ಥೆಗಳನ್ನು ಹೊರಗಿಟ್ಟಿದೆ. ಅದೇ 2005ರಲ್ಲಿ ಉದ್ಯೋಗ ಖಾತರಿ ಕಾಯಿದೆ ಮಾಡಿದಾಗ, ಮಣ್ಣು ಹೊತ್ತವಳ ಹಾಜರಿ ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟು ಸಾಮಾಜಿಕ ಪರಿಶೋಧನೆ ನಡೆಸಬೇಕೆಂದು ಬರೆದರು. ಒಳ್ಳೆಯದೇ. ಅವಳ ಒಂದು ದಿನದ ಕೂಲಿಗೆ ಊರೆಲ್ಲ ಸಾಕ್ಷಿ ಬೇಕಾದರೆ, ಬೀಗ ಹಾಕಿದ ಕೋಟಿಗಳಿಗೆ ಒಬ್ಬ ಸಾಕ್ಷಿಯೂ ಬೇಡವೇ?

ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಮ್ಮ ಬೆಂಕಿಪೊಟ್ಟಣದ ತೆರಿಗೆಯೂ ಆ ಪೆಟ್ಟಿಗೆಗೇ ಬೀಳುತ್ತದೆ. ಬೇಹುಗಾರಿಕೆಗೊಂದು ಕಾಯಿದೆ, ಅದರ ಲೆಕ್ಕ ನೋಡಲು ಸಂಸತ್ತಿನದೊಂದು ಸಮಿತಿ: ಓಟು ಕೇಳಿಕೊಂಡು ಕೇರಿಗೆ ಬಂದವರ ಮುಂದೆ ಮೊದಲು ಇದನ್ನಿಡಿ.