ಕೊಳೆನೀರಿನ ಶುದ್ಧಿಯೂ ಗಾಳಿಯ ಲೆಕ್ಕವೂ

ನೀರು ತಿಳಿಯಾದೊಡನೆ ಶುದ್ಧೀಕರಣ ಮುಗಿಯಿತೆಂದು ಭಾವಿಸುವುದು ಲೋಕರೂಢಿ. ನೀರನ್ನು ಅಗಲಿದ ಮಲಿನಾಂಶ ಎಲ್ಲಿಗೆ ಹೋಯಿತೆಂದು ವಿಚಾರಿಸುವವರು ವಿರಳ. ಅದರಲ್ಲಿ ಒಂದು ಭಾಗ ಕೆಸರಾಗಿ ಉಳಿದರೆ, ಇನ್ನೊಂದು ಭಾಗ ಅನಿಲವಾಗಿ ಆಕಾಶವನ್ನು ಸೇರುತ್ತದೆ. ಆ ಅನಿಲದ ಲೆಕ್ಕವಿಡದ ಶುದ್ಧಿ ಅರೆಶುದ್ಧಿಯೇ ಸರಿ.

೧೯೧೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬ ವಿಜ್ಞಾನಿಗಳು, ಕೊಳೆನೀರಿಗೆ ಗಾಳಿಯನ್ನೂಡಿ ಜೀವಾಣುಭರಿತವಾದ ಕೆಸರನ್ನು ಮತ್ತೆ ಮತ್ತೆ ಬಳಸುವ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಅನೇಕ ಮಹಾನಗರಗಳು ಅವಲಂಬಿಸಿರುವುದು ಆ ವಿಧಾನವನ್ನೇ. ಕಣ್ಣಿಗೆ ಕಾಣದ ಜೀವಾಣುಗಳ ಕಾಯಕವೇ ಅದರ ಜೀವಾಳ. ಆದರೆ ಗಾಳಿ ತಲುಪದೆಡೆಯಲ್ಲಿ ಅವು ಮೀಥೇನನ್ನು ಹುಟ್ಟಿಸುತ್ತವೆ. ನೀರಿನ ಸಾರಜನಕವನ್ನು ಕಳೆಯುವಾಗ ಗಾಳಿಯ ಹದ ತಪ್ಪಿದರೆ ನೈಟ್ರಸ್ ಆಕ್ಸೈಡ್ ಹೆಚ್ಚುತ್ತದೆ. ತೂಕಕ್ಕೆ ತೂಕ ಹೋಲಿಸಿ ನೂರು ವರ್ಷಗಳ ಅವಧಿಗೆ ಗಣಿಸಿದರೆ, ಇಂಗಾಲದ ಡೈಆಕ್ಸೈಡಿಗಿಂತ ಮೀಥೇನ್ ಸುಮಾರು ೨೭ ಪಟ್ಟು, ನೈಟ್ರಸ್ ಆಕ್ಸೈಡ್ ೨೭೩ ಪಟ್ಟು ತಾಪಕಾರಕವೆಂದು ಐಪಿಸಿಸಿಯ ೨೦೨೧ರ ವರದಿ ತಿಳಿಸುತ್ತದೆ.

ಊರಿನ ಕೊಳೆಯೇ ಪೂರ್ತಿಯಾಗಿ ಶುದ್ಧವಾಗದಿರುವಾಗ ಅನಿಲದ ಚಿಂತೆ ಏತಕ್ಕೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಶುದ್ಧಿಗೊಳಿಸದೆ ಕೆರೆಗೆ ಬಿಟ್ಟ ಕೊಳೆಯೂ ಅಲ್ಲಿಯೇ ಕೊಳೆತು ಮೀಥೇನನ್ನು ಸೂಸುತ್ತದೆ. ಆದುದರಿಂದ ಶುದ್ಧೀಕರಣವನ್ನು ಕೈಬಿಡುವುದು ಪರಿಹಾರವಲ್ಲ. ಅದನ್ನು ವಿವೇಕದಿಂದ ನಡೆಸುವುದೇ ಪರಿಹಾರ. ಕೆಸರನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿ, ಹುಟ್ಟಿದ ಮೀಥೇನನ್ನು ಸೋರಗೊಡದೆ ಇಂಧನವಾಗಿ ಉರಿಸಬೇಕು. ನೀರಿನಲ್ಲಿರುವ ಅಮೋನಿಯವನ್ನು ಅಳೆದು ಅದಕ್ಕೆ ತಕ್ಕಷ್ಟು ಗಾಳಿಯನ್ನು ಊಡಬೇಕು. ಇದರಿಂದ ವಿದ್ಯುತ್ತೂ ಉಳಿಯುತ್ತದೆ. ಹಾಗೆಂದು ಉಳಿತಾಯದ ಆತುರದಲ್ಲಿ ಗಾಳಿಯನ್ನು ಅತಿಯಾಗಿ ಕಡಿತಗೊಳಿಸಿದರೆ ನೈಟ್ರಸ್ ಆಕ್ಸೈಡ್ ಹೆಚ್ಚೀತು. ಹದವರಿತ ಅಡುಗೆಯಂತೆ ಇಲ್ಲಿಯೂ ಅಳತೆಯೇ ಪ್ರಧಾನ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧಿಗೊಂಡ ನೀರು ೨೦೧೮ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿದಿದೆ. ಇಂತಹ ಕಾರ್ಯಗಳು ಬೆಳೆದಂತೆ, ನೀರಿನ ಗುಣವನ್ನು ಪರೀಕ್ಷಿಸುವಷ್ಟೇ ನಿಷ್ಠೆಯಿಂದ ಅನಿಲವನ್ನೂ ಅಳೆಯುವ ಕಟ್ಟಳೆ ಬರಬೇಕು.

ಈ ಹೊಣೆ ಮಹಾನಗರಗಳಿಗೆ ಮಾತ್ರ ಸೇರಿದುದಲ್ಲ. ನೂರಾರು ಮಕ್ಕಳು ಒಟ್ಟಿಗೆ ಉಣ್ಣುವ ಪ್ರಸಾದನಿಲಯಗಳ ಶೌಚಗುಂಡಿಗಳಿಂದಲೂ ಮೀಥೇನ್ ಹೊರಬೀಳುತ್ತದೆ. ಅಲ್ಲಿ ಅನಿಲಸ್ಥಾವರವನ್ನು ಸ್ಥಾಪಿಸಿದರೆ ಅದೇ ಅನಿಲ ದಾಸೋಹದ ಒಲೆಗೆ ಉರಿಯಾಗಬಲ್ಲದು. ಪ್ರಸಾದದ ಒಂದು ಅಗುಳನ್ನೂ ಚೆಲ್ಲಬಾರದೆಂದು ಕಲಿಸುವ ವಿದ್ಯಾಸಂಸ್ಥೆಗಳು, ಉಂಡ ಬಳಿಕ ಉಳಿಯುವುದನ್ನೂ ವ್ಯರ್ಥಗೊಳಿಸದ ಪಾಠವನ್ನು ಆಚರಣೆಯಿಂದ ತೋರಿಸುವುದು ಉಚಿತವಾಗಿದೆ.