ಹೆಸರು ಬದಲಾದರೆ ಏನಾಗುತ್ತದೆ?

ಅಜ್ಜಮಾಡ ಬೋಪಯ್ಯ ದೇವಯ್ಯ ಸತ್ತದ್ದು 1965ರಲ್ಲಿ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅವರ ಸಾಹಸವನ್ನು ಆಧರಿಸಿದ ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ ತೆರೆಕಂಡದ್ದು 2025ರಲ್ಲಿ. ಅಲ್ಲಿ ಆ ಪೈಲಟ್‌ನ ಹೆಸರು ಟಿ. ಕೃಷ್ಣ ವಿಜಯ.

ಕಲಬುರಗಿಯ ನನ್ನ ಸಾಹಿತ್ಯದ ಗೆಳೆಯರಿಗೆ ಇದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ. ಕಲೆಗೆ ಸ್ವಾತಂತ್ರ್ಯ ಬೇಕು, ಮುಖ್ಯವಾದದ್ದು ಭಾವನೆ ಎಂದರು. ನನ್ನ ತಕರಾರು ಈ ಮಾತಿನ ಮೇಲೆಯೇ.

ಮೊದಲು ಆ ಮನುಷ್ಯನನ್ನು ನೋಡೋಣ. ದೇವಯ್ಯ ಕೊಡಗಿನವರು, ಹುಟ್ಟಿದ್ದು 1932ರ ಡಿಸೆಂಬರ್ 24. ವಾಯುಪಡೆ ಸೇರಿದ್ದು 1954ರಲ್ಲಿ. ಎಳೆಯ ಪೈಲಟ್‌ಗಳಿಗೆ ಹಾರಾಟ ಕಲಿಸುವ ಮೇಷ್ಟ್ರಾಗಿದ್ದರು. ಯುದ್ಧದ ಹೊತ್ತಿಗೆ 1ನೇ ಸ್ಕ್ವಾಡ್ರನ್ನಿಗೆ ಬಂದರು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹನ್ನೆರಡು ಮಿಸ್ಟೇರ್ ವಿಮಾನಗಳು ಹೊರಡಬೇಕಿತ್ತು. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ಹಿಂದುಳಿದರೆ ಇರಲಿ ಎಂದು ಕಾದಿರಿಸಿದವರಲ್ಲಿ ಒಬ್ಬರು. ಒಂದು ವಿಮಾನ ಹಿಂದುಳಿಯಿತು, ಇವರು ಹೊರಟರು.

ಮಿಸ್ಟೇರ್ ನೆಲದ ಮೇಲೆ ಬಾಂಬು, ರಾಕೆಟ್ಟು ಹಾಕಿ ಬರುವ ವಿಮಾನ. ಅದರ ಬೆನ್ನು ಹತ್ತಿದ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು. ಅದನ್ನು ಹಾರಿಸುತ್ತಿದ್ದವರು ಅಮ್ಜದ್ ಹುಸೇನ್. ಗುಂಡೇಟು ತಿಂದ ಮಿಸ್ಟೇರನ್ನೇ ತಿರುಗಿಸಿ ದೇವಯ್ಯ ಕಾದಾಡಿದರು. ಸ್ಟಾರ್‌ಫೈಟರ್ ಬಿತ್ತು, ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ. ಆ ಕಾಳಗ ಜೊತೆಯವರ ಕಣ್ಣಿಗೆ ಬೀಳಲಿಲ್ಲ. ನಮ್ಮ ಕಡತದಲ್ಲಿ ಅವರು ‘ಕಾಣೆಯಾದವರು’. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಯುದ್ಧದ ಮೇಲೆ ಬರೆದ ಪುಸ್ತಕದಿಂದ, ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಎಂಬುದು ಹೊರಬಂತು. ಆ ಮಿಸ್ಟೇರ್ ಯಾರದು ಎಂದು ಹುಡುಕಿದಾಗ ಸಿಕ್ಕಿದ ಹೆಸರು ದೇವಯ್ಯ.

ಗಮನಿಸಿ, ಇಪ್ಪತ್ಮೂರು ವರ್ಷ ಕೊರತೆಯಾದದ್ದು ಶೌರ್ಯವಲ್ಲ. ಅದು ಮೊದಲ ದಿನವೇ ನಡೆದುಹೋಗಿತ್ತು. ಕೊರತೆಯಾದದ್ದು ಆ ಶೌರ್ಯಕ್ಕೆ ಒಂದು ಹೆಸರನ್ನು ಜೋಡಿಸುವ ಕೆಲಸ. ಅಷ್ಟು ಕಷ್ಟಪಟ್ಟು ಜೋಡಿಸಿದ್ದನ್ನು ಸಿನಿಮಾ ಮತ್ತೆ ಬಿಡಿಸಿತು. ನಾವು ಚಪ್ಪಾಳೆ ತಟ್ಟಿದೆವು.

ಕಮಲಾಪುರದಲ್ಲಿ ಕೆಲವು ವಿದ್ಯಾರ್ಥಿಗಳ ಜೊತೆ ಇದೇ ಮಾತು ಬಂತು. ಸಿನಿಮಾದ ಹೆಸರು ಎಲ್ಲರಿಗೂ ಗೊತ್ತಿತ್ತು, ದೇವಯ್ಯನವರ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬ ಹುಡುಗ ಕೇಳಿದ: ‘ಹೆಸರು ಬ್ಯಾರೆ ಆದ್ರ ಏನಾಯ್ತ್ರಿ ಸರ್, ಧೈರ್ಯ ಅಂತೂ ಅದೇ ಅದಲ್ರಿ?’ ನಾನಂದೆ: ‘ನಿಮ್ಮ ಕೆಂಪು ಬಾಳೆಹಣ್ಣಿಗಿ ಬ್ಯಾರೆ ಊರಿನ ಹೆಸರು ಹಚ್ಚಿ ಮಾರಿದ್ರ ಸುಮ್ಮ ಕೂಡ್ತೀಯೇನಪ್ಪಾ? ರುಚಿ ಅಂತೂ ಅದೇ ಇರ್ತದಲ್ಲ?’ ಕಮಲಾಪುರದ ಕೆಂಪು ಬಾಳೆಗೆ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹಣ್ಣಿಗೆ ಬೇಕಾದದ್ದು ಮನುಷ್ಯನಿಗೆ ಬೇಡವೇ?

ಯುದ್ಧವಿಮಾನ ನಮ್ಮ ಸೀಮೆಗೆ ದೂರದ ಸಂಗತಿಯೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ 110ನೇ ಸ್ಕ್ವಾಡ್ರನ್ನಿಗೆ ಬಾಂಬರ್ ವಿಮಾನಗಳನ್ನು ಕೊಡಿಸಿದ್ದು ಹೈದರಾಬಾದಿನ ನಿಜಾಮರು. ಅದಕ್ಕೆ ‘ಹೈದರಾಬಾದ್ ಸ್ಕ್ವಾಡ್ರನ್’ ಎಂದೇ ಹೆಸರಾಯಿತು. ಆಗ ಕಲಬುರಗಿ ನಿಜಾಮರ ಜಿಲ್ಲೆ, ನಮ್ಮ ರೈತರ ಕಂದಾಯ ಹೋಗುತ್ತಿದ್ದುದು ಆ ಖಜಾನೆಗೇ. ಅವುಗಳಲ್ಲೊಂದು, ಎಫ್‌1010, 1918ರ ಅಕ್ಟೋಬರ್ 5ರಂದು ಜರ್ಮನರ ಕೈಗೆ ಸಿಕ್ಕಿತು. ಇಂದು ಅದು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ. ಕೊಟ್ಟ ನಿಜಾಮರ ಹೆಸರಿದೆ, ಹಾರಿದ ಇಂಗ್ಲಿಸ್, ಬಾಡ್ಲಿಯರ ಹೆಸರೂ ಇದೆ. ಕಂದಾಯ ಕಟ್ಟಿದವನ ಹೆಸರು ಎಲ್ಲಿಯೂ ಇಲ್ಲ. ಹೆಸರು ಬರೆದಿಡದಿದ್ದರೆ ಏನಾಗುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಲ್ಪನೆಗೆ ನಾನು ವಿರೋಧಿಯಲ್ಲ. ಪೂರ್ತಿ ಕಲ್ಪಿಸಿ, ಯಾರೂ ಕೇಳುವುದಿಲ್ಲ. ನಿಜವಾದ ಸಾವನ್ನು ತೆಗೆದುಕೊಂಡ ಮೇಲೆ ಸತ್ತವನ ಹೆಸರನ್ನೂ ತೆಗೆದುಕೊಳ್ಳಬೇಕು. ‘ವೀರಯೋಧ’ ಎಂದು ಬರೆಯುವ ನಮಗೂ ಇದೇ ನಿಯಮ. ಯಾವ ಯೋಧ, ಯಾವ ದಿನ, ಯಾವ ಊರು, ಬದುಕಿದ್ದಾಗ ಏನು ಮಾಡುತ್ತಿದ್ದ? ಇಷ್ಟನ್ನು ಬರೆಯಲಾಗದಿದ್ದರೆ ಆ ವಿಶೇಷಣವನ್ನೂ ಬರೆಯಬಾರದು.