ಕಂಬಗಳ ದ್ವೀಪ

ಮಕ್ಕಳೇ, ಜ್ವಾಲಾಮುಖಿಯಿಂದಾದ ದ್ವೀಪ ನೋಡಲು ವಿಮಾನ ಹತ್ತಬೇಕಿಲ್ಲ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರಿಸ್ ದ್ವೀಪ ಸಿಗುತ್ತದೆ. ದಸರಾ ರಜೆಗೆ ತಾಯಲೂರಿನಿಂದ ಮನೆಮಂದಿಯೆಲ್ಲ ಹೋಗಿದ್ದೆವು.

ತೆಂಗಿನ ನೆರಳಲ್ಲಿ ಕಾಲು ಚಾಚಿ ಕುಳಿತ ನಮ್ಮಾಕೆ ಏಳಲೇ ಇಲ್ಲ. ಮೊಮ್ಮಗನ ಕಣ್ಣು ಮಾತ್ರ ಕಲ್ಲುಗಳ ಮೇಲೆ. ಐದು ಮೂಲೆ, ಆರು ಮೂಲೆಯ ಕಂಬಗಳು!

"ತಾತ, ಯಾರು ಕಡೆದಿದ್ದು?"

ನಮ್ಮ ಕೆರೆ ಬತ್ತಿದಾಗ ಕೆಸರು ಒಣಗಿ, ಕುಗ್ಗಿ, ಬಿರುಕು ಬಿಡುವುದಿಲ್ಲವೇ? ಇದೂ ಹಾಗೆಯೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ, ಉಕ್ಕಿದ ಲಾವಾ ಆರುತ್ತ ಕುಗ್ಗಿ, ಸೀಳಿ, ಕಂಬಗಳಾಯಿತು. ಇಂದು ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕೇಳಿದ್ದೇ ತಡ, ಹುಡುಗ ಒಂದು ಚೂರನ್ನು ಜೇಬಿಗಿಳಿಸಿದ.

"ಒಂದೇ ಒಂದು, ತಾತ."

"ಬಂದವರೆಲ್ಲ ಒಂದೊಂದೇ ಒಯ್ದರೆ ನಿನ್ನ ಮೊಮ್ಮಗನಿಗೆ ಏನು ಉಳಿಯುತ್ತಪ್ಪ?"

ಮುಖ ಊದಿಸಿಕೊಂಡೇ ವಾಪಸ್ ಇಟ್ಟ. ದೋಣಿ ಹತ್ತುವವರೆಗೂ ಮಾತಿಲ್ಲ. ಆಮೇಲೆ ಮೆಲ್ಲಗೆ ಕೇಳಿದ: "ನಮ್ಮ ಕಡೆ ಇಂಥ ಕಲ್ಲು ಇಲ್ಲವಾ?"

ಇದೆಯಲ್ಲ! ನಮ್ಮ ಜಿಲ್ಲೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಯೂ ಇಂಥದೇ ಸ್ಮಾರಕ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅದರ ಮುಂದೆ ಮಲ್ಪೆಯ ದ್ವೀಪ ಕೂಸು. ಮುಂದಿನ ರಜೆಯಲ್ಲಿ ನೋಡಿ ಬನ್ನಿ, ಮನೆಯ ಹಿರಿಯರನ್ನೂ ಕರೆದುಕೊಂಡು.